ದಾನಪ್ಪನ ಇಂದಾಪುರ ದರ್ಶನ

ದಾನಪ್ಪ ಹೊರ್ತಿ ಕೂತಲ್ಲೇ ನಿದ್ದೆ ಮಾಡುವುದನ್ನು ಕಲಿತದ್ದು ಸರ್ಕಾರಿ ನೌಕರಿಯಲ್ಲಿ. ಇದನ್ನು ಯಾರೂ ಕುಹಕವೆಂದು ತಿಳಿಯಬಾರದು. ಎಂಟು ವರ್ಷ ಅವನು ವಿಜಯಪುರದಿಂದ ಪುಣೆಗೆ ಹೋಗುವ ಬಸ್ಸಿನ ಕಂಡಕ್ಟರನಾಗಿದ್ದ. ಟಿಕೆಟ್ ಕೊಟ್ಟು ಮುಗಿಸಿ, ಬಾಗಿಲ ಪಕ್ಕದ ಸೀಟಿನಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡು ಕಣ್ಣು ಮುಚ್ಚಿದನೆಂದರೆ, ಇಂಜಿನ್ನಿನ ಸದ್ದು ಅವನನ್ನು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬಸ್ಸಿನ ವೇಗ ತಗ್ಗಿದ ಕೂಡಲೇ ಕಣ್ಣು ತೆರೆಯದೆಯೇ ಬಂದ ಊರಿನ ಹೆಸರು ಕೂಗುತ್ತಿದ್ದ. ಹೆಸರು ತಪ್ಪುತ್ತಿರಲಿಲ್ಲ. ಪ್ರಯಾಣಿಕರು ಅವನನ್ನು ಬಹಳ ಎಚ್ಚರದ ಮನುಷ್ಯನೆಂದೇ ತಿಳಿದಿದ್ದರು.

ಅಂಥ ನೌಕರಿಯನ್ನು ಮೂವತ್ತೊಂದನೆಯ ವಯಸ್ಸಿನಲ್ಲಿ ಬಿಟ್ಟು ಅವನು ಪುಣೆಯ ಒಂದು ಸೆಮಿನರಿಗೆ ಸೇರಿದ. ಸಭಾಪಾಲಕನಾಗಬೇಕು ಅಂದ. ಯಾಕೆ ಎಂದು ಕೇಳಿದವರಿಗೆಲ್ಲ ದೇವರ ಕರೆ ಬಂದಿದೆ ಎಂದು ಹೇಳಿ, ಮುಂದೆ ಮಾತಾಡುತ್ತಿರಲಿಲ್ಲ. ಚರ್ಚಿನ ದಾಖಲೆಯಲ್ಲಿ ಅವನ ಹೆಸರು ದಾನಿಯೇಲ. ಊರು, ಡಿಪೋ, ತಾಯಿ ಎಲ್ಲರ ಬಾಯಲ್ಲಿ ದಾನಪ್ಪ.

ಮೂರನೆಯ ವರ್ಷದ ಚಳಿಗಾಲದಲ್ಲಿ ಮಾಧುರಿ ಸಾಳ್ವೆ ಮೇಡಂ ತರಗತಿಗೆ ಒಂದು ಕೆಲಸ ಕೊಟ್ಟರು. ಮೂರು ಭಾನುವಾರ, ನಿಮ್ಮದಲ್ಲದ ಮೂರು ಚರ್ಚಿಗೆ ಹೋಗಿ, ಹಿಂದೆ ಕೂತು, ನೋಡಿ, ಕೇಳಿ, ಬರೆದುಕೊಂಡು ಬನ್ನಿ. ಬಾಯಿ ಮಾತ್ರ ಬಿಡಬೇಡಿ. ವಿದ್ಯಾರ್ಥಿ ಬಾಯಿ ಬಿಟ್ಟ ಕಡೆ ಏನಾದರೂ ಅನಾಹುತವಾಗುತ್ತದೆ ಎಂಬುದು ಅವರ ಇಪ್ಪತ್ತು ವರ್ಷದ ಅನುಭವ. ಮೂರೂ ವರದಿಗೆ ಅವರ ಸಹಿ ಬಿದ್ದರೆ ಮಾತ್ರ ನಾಲ್ಕನೆಯ ವರ್ಷ.

ಮೊದಲ ಭಾನುವಾರ ದಾನಪ್ಪ ಪುಣೆಯ ದಂಡುಪ್ರದೇಶವಾದ ಕ್ಯಾಂಪಿನ ಒಂದು ಹಳೆಯ ಕಲ್ಲಿನ ಚರ್ಚಿಗೆ ಹೋದ. ಇಂಗ್ಲಿಷ್ ಆರಾಧನೆ. ಬೆತ್ತದ ಬೆಂಚು, ಎತ್ತರದಿಂದ ಇಳಿಬಿಟ್ಟ ಫ್ಯಾನು, ಬಣ್ಣದ ಗಾಜಿನಿಂದ ನೆಲಕ್ಕೆ ಬಿದ್ದ ನೀಲಿ ಬಿಸಿಲು. ಸಭಾಪಾಲಕರ ದನಿ ಟಾಪ್ ಗೇರಿನಲ್ಲಿ ಹೋಗುವ ಗಾಡಿಯ ಹಾಗೆ ಏರಿಳಿತವಿಲ್ಲದೆ ಸಾಗಿತು. ಪ್ರಸಂಗದ, ಅಂದರೆ ಅವರ ಉಪದೇಶದ, ಎರಡನೆಯ ವಾಕ್ಯದಲ್ಲಿ ದಾನಪ್ಪ ಕಣ್ಣು ಮುಚ್ಚಿದ. ಕನಸಿನಲ್ಲಿ ನೀಲಿ ಬಿಸಿಲಿನೊಳಗೆ ಒಂದು ಬಸ್ಸು ಹೋಗುತ್ತಿತ್ತು, ಅದರ ಕಿಟಕಿಗಳಿಗೆಲ್ಲ ಚರ್ಚಿನ ಬಣ್ಣದ ಗಾಜು ಹಾಕಿದ್ದರು. ಕಣ್ಣು ತೆರೆದಾಗ ಎಲ್ಲರೂ ಕೊನೆಯ ಹಾಡಿಗೆ ಎದ್ದು ನಿಂತಿದ್ದರು. ಪಕ್ಕದಲ್ಲಿದ್ದ ಮಿಲಿಟರಿ ಮನೆತನದ ಒಬ್ಬ ವೃದ್ಧೆ ಅವನ ಕೈಮುಟ್ಟಿ, ಇಷ್ಟು ಆಳವಾದ ಧ್ಯಾನವನ್ನು ಈ ಕಾಲದ ಹುಡುಗರಲ್ಲಿ ನೋಡಿಲ್ಲ ಅಂದರು.

ವರದಿಯಲ್ಲಿ ಅವನು ಮೊದಲ ಹನ್ನೊಂದು ನಿಮಿಷವನ್ನು ಎರಡು ಪುಟ, ಕೊನೆಯ ನಾಲ್ಕು ನಿಮಿಷವನ್ನು ಒಂದು ಪುಟ ಬರೆದ. ನಡುವೆ ಒಂದೇ ವಾಕ್ಯ: “ಆರಾಧನೆಯ ಮಧ್ಯಭಾಗವು ಅತ್ಯಂತ ಶಾಂತವಾಗಿತ್ತು.” ಮೇಡಂ ಆ ವಾಕ್ಯದ ಕೆಳಗೆ ಗೆರೆ ಎಳೆದು, ಒಳ್ಳೆಯ ಗಮನಿಕೆ ಎಂದು ಬರೆದರು.

ಎರಡನೆಯ ಭಾನುವಾರ ಪುಣೆಯ ಅಂಚಿನ ವಾಕಡ. ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಭೆಯ ಹಾಲ್, ಕೆಂಪು ಪ್ಲಾಸ್ಟಿಕ್ ಕುರ್ಚಿ, ಮುಂದೆ ಡ್ರಮ್ಮು, ಗಿಟಾರು, ಕೀಬೋರ್ಡು. ಬಂದವರಲ್ಲಿ ಹೆಚ್ಚಿನವರು ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು. ಪಾಸ್ಟರ್ ಸ್ವಪ್ನಿಲ್ ನಲವತ್ತರ ಮನುಷ್ಯ, ಮೊದಲು ವಾಟರ್ ಪ್ಯೂರಿಫಾಯರ್ ಮಾರುತ್ತಿದ್ದರಂತೆ. ಬೇಡ ಅಂದವನನ್ನು ಹೌದು ಅನ್ನಿಸುವ ವಿದ್ಯೆ ಆಗಿನಿಂದ ಅವರ ಕೈಯಲ್ಲಿತ್ತು.

ಡ್ರಮ್ಮಿನ ಸದ್ದಿಗೆ ಟೈಲ್ಸ್ ಅಂಗಡಿಯ ಗಾಜು ನಡುಗುತ್ತಿತ್ತು. ಇಲ್ಲಿ ನಿದ್ದೆ ಬರುವುದು ಸಾಧ್ಯವಿಲ್ಲವೆಂದು ದಾನಪ್ಪ ಧೈರ್ಯವಾಗಿ ಕೂತ. ಅವನು ಮರೆತದ್ದು ಒಂದೇ: ಎಂಟು ವರ್ಷ ಇಂಜಿನ್ನಿನ ಪಕ್ಕದಲ್ಲಿ ಮಲಗಿದವನಿಗೆ ನಿದ್ದೆಗೆಡಿಸುವುದು ಮೌನ, ಸದ್ದಲ್ಲ. ಮೂರನೆಯ ಹಾಡಿಗೆ ಅವನು ಬೆನ್ನು ನೆಟ್ಟಗಿಟ್ಟು, ಬೈಬಲನ್ನು ಟಿಕೆಟ್ ಚೀಲದ ಹಾಗೆ ತೊಡೆಯ ಮೇಲಿಟ್ಟು, ಸುಖವಾಗಿ ನಿದ್ದೆಗೆ ಹೊರಟುಬಿಟ್ಟ.

ಆ ಸಭೆಯವರು ಆರು ವಾರದಿಂದ ಒಂದೇ ವಿಷಯಕ್ಕೆ ಪ್ರಾರ್ಥನೆ ಮಾಡುತ್ತಿದ್ದರು. ಪುಣೆಯ ಹೊರಗೆ ಯಾವುದಾದರೂ ಊರಿನಲ್ಲಿ ಸೇವೆ ಶುರುಮಾಡಬೇಕು, ಯಾವ ಊರು ಎಂದು ದೇವರು ತೋರಿಸಬೇಕು. ಬಾರಾಮತಿ ಅನ್ನುವವರು ಒಂದು ಗುಂಪು, ಲೋಣಾವಳ ಅನ್ನುವವರು ಇನ್ನೊಂದು. ಸ್ವಪ್ನಿಲ್ ಮೈಕು ಹಿಡಿದು ಕೈ ಎತ್ತಿದರು. ಡ್ರಮ್ಮು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಅವರು ದನಿ ತಗ್ಗಿಸಿ, ಪ್ರಭುವೇ, ನಾವು ಎಲ್ಲಿಗೆ ಹೋಗಬೇಕು ಎಂದು ಕೇಳಿದರು.

ಬಸ್ಸು ನಿಂತಿತೆಂದು ದಾನಪ್ಪನ ನಿದ್ದೆ ಲೆಕ್ಕ ಹಾಕಿತು. ಹಿಂದಿನ ಸಾಲಿನಿಂದ ತುಂಬು ಕಂಠದಲ್ಲಿ, ಆ ರಸ್ತೆಯ ಪದ್ಧತಿಯಂತೆ ಮರಾಠಿಯಲ್ಲಿ, ಅವನು ಕೂಗಿದ.

“ಇಂದಾಪುರ, ಇಂದಾಪುರ. ಉತರೂನ್ ಘ್ಯಾ, ಲವಕರ್.”

ಇಂದಾಪುರ ಬಂತು, ಬೇಗ ಇಳಿದುಕೊಳ್ಳಿ ಎಂದರ್ಥ. ಒಬ್ಬ ಹೆಂಗಸು ಅಳಲು ಶುರುಮಾಡಿದಳು, ಬಾರಾಮತಿ ಗುಂಪಿನ ಮುಖಂಡರು ಮೊಣಕಾಲೂರಿದರು, ಡ್ರಮ್ಮಿನವನು ಡ್ರಮ್ಮು ಬಿಟ್ಟು ಎದ್ದು ನಿಂತ. ದಾನಪ್ಪ ಕಣ್ಣು ತೆರೆದಾಗ ಅವನ ಮೂಗಿನ ಕೆಳಗೆ ಮೈಕು ಇತ್ತು.

ಪಕ್ಕದಲ್ಲಿ ಬಂದು ನಿಂತವನು ಹರ್ಷಾ, ಬೆಂಗಳೂರು ಕಡೆಯ ತರುಣ, ಸಭೆಯ ವಾಟ್ಸಾಪ್ ಗ್ರೂಪು ನೋಡಿಕೊಳ್ಳುವವನು. ದಾನಪ್ಪನ ಬೈಬಲು ಕನ್ನಡದ್ದು ಎಂದು ಕಂಡು ಅವನು ಕನ್ನಡದಲ್ಲೇ ಕೇಳಿದ.

“ಬ್ರದರ್, ನೀವು ಏನೋ ನೋಡಿದ್ರಿ ಅಲ್ವಾ?”

“ನನಗ ನಿದ್ದಿ ಹತ್ತಿತ್ರಿ,” ಅಂದ ದಾನಪ್ಪ.

ಹರ್ಷಾ ಅದನ್ನು ಪ್ರಾಮಾಣಿಕವಾಗಿ ಅನುವಾದ ಮಾಡಿದ. ನಿದ್ದೆಯಲ್ಲಿ ಕಂಡಿತಂತೆ ಎಂದು ಸ್ವಪ್ನಿಲ್ ಸಭೆಗೆ ಸಾರಿದರು. ಏನು ಕಂಡಿತು ಎಂದು ಕೇಳಿದ್ದಕ್ಕೆ ದಾನಪ್ಪ, ಬಸ್ಸು ಅಂದ. ಬಸ್ಸೂ ಕಂಡಿತಂತೆ ಎಂದರು, ಸಭೆ ಬಸ್ಸಿಗೂ ಸ್ತೋತ್ರ ಹೇಳಿತು. ಹೆಸರೇನು ಎಂದು ಕೇಳಿದ್ದಕ್ಕೆ, ಮೈಕು ಕಂಡರೆ ಪೂರ್ತಿ ಹೆಸರು ಹೇಳಬೇಕೆಂಬ ಅಭ್ಯಾಸದಿಂದ, ದಾನಿಯೇಲ ಅಂದುಬಿಟ್ಟ. ಬೈಬಲಿನಲ್ಲಿ ರಾಜನ ಕನಸನ್ನು ಬಿಡಿಸಿ ಹೇಳಿದ ಪ್ರವಾದಿಯ ಹೆಸರು. ಅಲ್ಲಿಂದಾಚೆಗೆ ಅವನು ಹೇಳಿದ ಯಾವ ಮಾತನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ‘ಇಂದಾಪುರ’ ಎಂಬ ಹೊಸ ಗ್ರೂಪು ಹುಟ್ಟಿತ್ತು. ಇನ್ನೆರಡು ವಾರಕ್ಕೆ, ಭಾನುವಾರ ಬೆಳಿಗ್ಗೆ, ಖಾಸಗಿ ಬಸ್ಸು. ನಲವತ್ತು ಜನ ಹೆಸರು ಕೊಟ್ಟರು. ನಲವತ್ತೊಂದನೆಯದಾಗಿ ದಾನಪ್ಪನ ಹೆಸರನ್ನು ಹರ್ಷಾ ತಾನೇ ಬರೆದ. ಕಣ್ಣು ಮುಚ್ಚಿ ಕೂತ ದಾನಪ್ಪನ ಫೋಟೋ ಪುಣೆಯ ಎಲ್ಲ ಚರ್ಚುಗಳ ಗ್ರೂಪು ಸುತ್ತಿ, ಸೋಲಾಪುರ ದಾಟಿ, ಬುಧವಾರ ವಿಜಯಪುರದಲ್ಲಿದ್ದ ಅವನ ತಾಯಿಯ ಫೋನಿಗೆ ಬಂತು. ಆಕೆ ಕೂಡಲೇ ಫೋನು ಮಾಡಿದಳು.

“ಸಣ್ಣಾವ ಇದ್ದಾಗ ಸಾಲ್ಯಾಗ ಮಲಗಿದಿ ಅಂತ ಮಾಸ್ತರ ನಿನ್ನ ಬೆಂಚಿನ ಮ್ಯಾಲ ನಿಲ್ಲಸ್ತಿದ್ರು. ಈಗ ಅದಕ್ಕ ಮೈಕ್ ಕೊಡ್ತಾರೇನು?”

ಗುರುವಾರ ಮಾಧುರಿ ಮೇಡಂ ಕರೆಸಿದರು. ಮೇಜಿನ ಮೇಲೆ ಅವನ ಮೊದಲ ವರದಿ ಇತ್ತು, ಅದರ ಪಕ್ಕದಲ್ಲಿ ಫೋನು, ಫೋನಿನಲ್ಲಿ ಆ ಫೋಟೋ. ನಿದ್ದೆ ಮಾಡಿದ್ದೆಯಾ ಎಂದು ಕೇಳಿದರು. ಹೌದು ಅಂದ. ಹಾಗಾದರೆ ಈ ಶಾಂತವಾದ ಮಧ್ಯಭಾಗ ಎಂದು ವರದಿಯ ಮೇಲೆ ಬೆರಳಿಟ್ಟರು. ಮೇಡಂ ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತರು; ನಗುತ್ತಿದ್ದರೋ ಪ್ರಾರ್ಥನೆ ಮಾಡುತ್ತಿದ್ದರೋ ತಿಳಿಯಲಿಲ್ಲ. ಆಮೇಲೆ ತಿರುಗಿ, ವಾಕಡದವರಿಗೆ ನಿಜ ಹೇಳು, ಹೇಳಿದ ಮೇಲೆ ಸಹಿ, ಇಲ್ಲದಿದ್ದರೆ ಇಲ್ಲ ಅಂದರು. ಸಹಿಯಿಲ್ಲದಿದ್ದರೆ ಮೂವತ್ತನಾಲ್ಕನೆಯ ವಯಸ್ಸಿಗೆ ಅವನ ಕೈಯಲ್ಲಿ ಬಸ್ಸೂ ಇಲ್ಲ, ಚರ್ಚೂ ಇಲ್ಲ.

ಅವನು ಶನಿವಾರವೇ ವಾಕಡಕ್ಕೆ ಹೋಗಿ, ಸ್ವಪ್ನಿಲ್ ಮನೆಯಲ್ಲಿ ಕೂತು, ತಾನು ಕಂಡಕ್ಟರನಾಗಿದ್ದೆ, ನಿದ್ದೆಯಲ್ಲಿ ಊರಿನ ಹೆಸರು ಕೂಗುವುದು ತನ್ನ ರೋಗ ಎಂದು ಬಂದಷ್ಟು ಮರಾಠಿಯಲ್ಲಿ ಬಿಡಿಸಿ ಹೇಳಿದ. ಸ್ವಪ್ನಿಲ್ ತದೇಕಚಿತ್ತದಿಂದ ಕೇಳಿದರು. ದೇವರು ಕರೆದ ದೊಡ್ಡವರೆಲ್ಲ ಮೊದಲು ನಾನಲ್ಲ ಅಂದವರೇ ಎಂದು ಹೇಳಿ, ಹೆಂಡತಿಯನ್ನು ಕರೆದು ಅವನಿಗೆ ಎರಡನೆಯ ಸಲ ಚಹಾ ಕೊಡಿಸಿದರು. ನಿನ್ನನ್ನು ಎಂಟು ವರ್ಷ ಇಂದಾಪುರದ ದಾರಿಯಲ್ಲಿ ಓಡಾಡಿಸಿದ್ದು ಯಾಕೆ ಎಂದು ಈಗ ಗೊತ್ತಾಯಿತು ಅಂದರು. ದಾನಪ್ಪ ತನ್ನ ರೋಗದ ಮಾತನ್ನೇ ಫೋನಿನಲ್ಲಿ ಹರ್ಷಾನಿಗೂ ಹೇಳಿದ. ‘ತುಂಬಾ ಹಂಬಲ್ ವ್ಯಕ್ತಿ’ ಎಂದು ಹರ್ಷಾ ಗ್ರೂಪಿನಲ್ಲಿ ಹಾಕಿದ. ಬಸ್ಸಿಗೆ ಇನ್ನೂ ಆರು ಜನ ಸೀಟು ಕೇಳಿದರು, ಇಲ್ಲವೆಂದು ಹೇಳಬೇಕಾಯಿತು.

ಮೂರನೆಯ ಚರ್ಚು ಪೇಟೆ ಭಾಗದ ಹಳೆಯ ಮರಾಠಿ ಸಭೆ. ದಾನಪ್ಪ ಕದ್ದು ಹಿಂದಿನ ಬೆಂಚಿಗೆ ಹೋಗುವಷ್ಟರಲ್ಲಿ ರಿಟೈರ್ಡ್ ಪೋಸ್ಟ್ ಮಾಸ್ತರರಾದ ಒಬ್ಬ ಹಿರಿಯರು ಅವನ ತೋಳು ಹಿಡಿದು ಮುಂದೆ ಕರೆದೊಯ್ದರು. ಅಲ್ಲಿ ಅವನಿಗಾಗಿಯೇ ಕೈಗಳಿರುವ ಒಂದು ಕುರ್ಚಿ, ಕುರ್ಚಿಗೆ ಎರಡು ದಿಂಬು. ಫ್ಯಾನನ್ನು ಅವನ ಕಡೆ ತಿರುಗಿಸಿದ್ದರು. ಹಿರಿಯರು ಪಕ್ಕದಲ್ಲಿ ನೋಟ್ ಬುಕ್ಕು ತೆರೆದು, ಪೆನ್ನಿನ ಕ್ಯಾಪು ತೆಗೆದು ಕೂತರು. ಮಕ್ಕಳಿಗೆ ಸದ್ದು ಮಾಡಬೇಡಿ ಎಂದು ಕಣ್ಣಲ್ಲೇ ಹೇಳಿದರು. ಸಭಾಪಾಲಕರು ಬೇಕೆಂದೇ ದನಿಯನ್ನು ಇಳಿಸಿ, ಜೋಗುಳ ಹಾಡುವವರ ಹಾಗೆ ಪ್ರಸಂಗ ಶುರುಮಾಡಿದರು.

ದಾನಪ್ಪನಿಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿ ನೋಡಿದ, ಬಸ್ಸನ್ನು ನೆನೆಸಿಕೊಂಡು ನೋಡಿದ. ಇನ್ನೂರು ಜನ ಅವನ ನಿದ್ದೆಗೆ ಕಾಯುತ್ತಿರುವಾಗ ನಿದ್ದೆ ಸಂಕೋಚದಿಂದ ಹೊರಗೇ ನಿಂತುಬಿಟ್ಟಿತ್ತು. ಹೀಗೆ ಬೇರೆ ದಾರಿಯಿಲ್ಲದೆ ಅವನು ಜೀವನದಲ್ಲಿ ಮೊದಲ ಸಲ ಒಂದು ಪ್ರಸಂಗವನ್ನು ಆದಿಯಿಂದ ಅಂತ್ಯದವರೆಗೆ ಕೇಳಿದ. ಅದು ಕಾಯುವುದರ ಮೇಲಿನ ಪ್ರಸಂಗ. ಚೆನ್ನಾಗಿತ್ತು. ಇಂಥದ್ದೆಲ್ಲ ಇಷ್ಟು ವರ್ಷ ಹೇಳುತ್ತಿದ್ದರೇ ಎಂದು ಅವನಿಗೆ ಆಶ್ಚರ್ಯವಾಯಿತು. ಮೂರನೆಯ ವರದಿ ಒಂಬತ್ತು ಪುಟವಾಯಿತು, ಅದರಲ್ಲಿ ಏಳು ಮಧ್ಯಭಾಗ. ಪೋಸ್ಟ್ ಮಾಸ್ತರರು ಮಾತ್ರ ಖಾಲಿ ನೋಟ್ ಬುಕ್ಕು ಮುಚ್ಚಿ, ಮುಂದಿನ ಸಲ ಹೊಟ್ಟೆ ತುಂಬ ಊಟ ಮಾಡಿಕೊಂಡು ಬರಬೇಕೆಂದು ಅವನಿಗೆ ಪ್ರೀತಿಯಿಂದ ಸಲಹೆ ಕೊಟ್ಟರು.

ಇಂದಾಪುರದ ಭಾನುವಾರ ಬಂತು. ಬೆಳಗಾಗುತ್ತಲೇ ವಾಕಡದಿಂದ ಬಸ್ಸು ಹೊರಟಿತು. ದಾನಪ್ಪ ಯಾರೂ ಹೇಳದೆಯೇ ಬಾಗಿಲ ಪಕ್ಕದ ಸೀಟಿನಲ್ಲಿ ಕೂತ. ಹಡಪಸರ ದಾಟಿ, ಯವತ ದಾಟಿ, ಭಿಗವಣದ ಹತ್ತಿರ ಉಜನಿ ಅಣೆಕಟ್ಟಿನ ಹಿನ್ನೀರು ಬಂದಾಗ ನೀರಿನ ಮೇಲೆ ಮಂಜು ಕೂತಿತ್ತು, ಮಂಜಿನೊಳಗೆ ರಾಜಹಂಸಗಳು ನಿಂತಿದ್ದವು. ಹಿಂದೆ ನಲವತ್ತು ಜನ ಹಾಡುತ್ತಿದ್ದರು. ಕಬ್ಬಿನ ಹೂವು ರಸ್ತೆಯ ಎರಡೂ ಕಡೆ ಬೆಳ್ಳಗೆ ಬಾಗುತ್ತಿತ್ತು, ಎಲ್ಲಿಂದಲೋ ಸಕ್ಕರೆ ಕಾರ್ಖಾನೆಯ ಸಿಹಿ ಹೊಗೆ ಬರುತ್ತಿತ್ತು. ಸಾವಿರ ಸಲ ಈ ದಾರಿಯಲ್ಲಿ ಬಂದವನು ಇದನ್ನೆಲ್ಲ ಕಂಡದ್ದು ಅವತ್ತೇ. ಅವತ್ತೂ ಅದು ಕನಸಿನ ಹಾಗೆಯೇ ಇತ್ತು.

ಇಂದಾಪುರ ಸ್ಟ್ಯಾಂಡಿನ ಮುಂದೆ ಎಲ್ಲರೂ ಇಳಿದರು. ಇಳಿದು, ಸಾಲಾಗಿ ನಿಂತು, ದಾನಪ್ಪನನ್ನು ನೋಡಿದರು. ಸರ್ಕಾರಿ ಬಸ್ಸುಗಳು ಬಂದು ಹೋಗುತ್ತಿದ್ದವು. ಸ್ವಪ್ನಿಲ್ ಅವನ ಹೆಗಲ ಮೇಲೆ ಕೈಯಿಟ್ಟು, ಈಗ ಹೇಳು ಬ್ರದರ್, ಮುಂದೆ ಎಲ್ಲಿಗೆ ಎಂದು ಕೇಳಿದರು. ಮುಂದೆ ಏನೂ ಇರಲಿಲ್ಲ. ದರ್ಶನ ಸ್ಟ್ಯಾಂಡಿನವರೆಗೇ ಇತ್ತು.

ತನ್ನ ಟಿಕೆಟ್ ಮರಾಠಿ ಈ ಮಾತಿಗೆ ಸಾಲದೆಂದು ದಾನಪ್ಪ ಹರ್ಷಾನ ಕಡೆ ತಿರುಗಿ, ತಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಎಲ್ಲರಿಗೂ ಹೇಳು ಎಂದು ಕೇಳಿಕೊಂಡ.

“ಒಂದು ಮಳಿಗಾಲದಾಗ ಒಬ್ಬ ಮುದುಕಿ ನನ್ನ ಬಸ್ ಹತ್ತಿದ್ಳು. ಇಂದಾಪುರಕ್ಕ ಇಳಸಪಾ ಅಂದ್ಳು. ಇಳಿಯೋರು ಇದ್ರ ಅಷ್ಟ ಬಸ್ ಊರಾಗ ಬರ್ತಿತ್ತು, ಇಲ್ಲಾಂದ್ರ ಹೈವೇ ಹಿಡದು ಹೋಗೋದು. ಅವತ್ತ ನನಗ ಎಚ್ಚರಾಗ್ಲಿಲ್ಲ. ಆಕಿನೂ ಮಲಗಿದ್ಳು. ಎದ್ದಾಗ ಭಿಗವಣ. ಆಕಿ ಇಳದು, ನನ್ನ ಮಾರಿ ಒಮ್ಮಿ ನೋಡಿ, ರಸ್ತಾ ದಾಟಿ ತಿರುಗಿ ಹೋಗೋ ಬಸ್ಸಿಗೆ ನಿಂತ್ಳು. ಬೈಲಿಲ್ರಿ. ಬೈದಿದ್ರ ಮರತಬಿಡ್ತಿದ್ದೆ. ಅವತ್ತಿನಿಂದ ನಾ ಯಾವಾಗ ಕಣ್ಣ ಮುಚ್ಚಿದ್ರೂ ಇಂದಾಪುರನ ಬರ್ತದ. ನಿಮಗ ದೇವರು ಹೇಳಿದ್ದಲ್ಲ ಅದು. ನಾ ಆಕಿಗೆ ಹೇಳಿದ್ದು.”

ಹರ್ಷಾ ಒಂದಕ್ಷರವನ್ನೂ ಬಿಡಲಿಲ್ಲ. ವಾಕಡದಲ್ಲಿ ಅತ್ತಿದ್ದ ಹೆಂಗಸು ಈಗ ಅಳಲಿಲ್ಲ, ತನ್ನ ಊಟದ ಡಬ್ಬಿಯ ಮೇಲೆ ಕೂತುಕೊಂಡಳು. ಸ್ವಪ್ನಿಲ್ ಬಸ್ಸುಗಳ ವೇಳಾಪಟ್ಟಿಯನ್ನು ಎರಡು ಸಲ ಓದಿದರು. ಬಾರಾಮತಿ ಗುಂಪಿನ ಮುಖಂಡರು, ಬಾರಾಮತಿ ಇಲ್ಲಿಂದ ಹತ್ತಿರವೇ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ದಾನಪ್ಪ ಅಲ್ಲಿಂದಲೇ ಮಾಧುರಿ ಮೇಡಂಗೆ ಫೋನು ಮಾಡಿ, ಹೇಳಿದೆ ಅಂದ. ಎಷ್ಟು ಜನ ಕೇಳಿದರು ಎಂದು ಮೇಡಂ ವಿಚಾರಿಸಿದರು. ನಲವತ್ತು ಜನ, ಮೇಲೆ ಒಬ್ಬರು ಹೋಟೆಲಿನವರು ಎಂದ. ಸಹಿ ಹಾಕುತ್ತೇನೆ, ಆದರೆ ಮೊದಲ ವರದಿಯನ್ನು ಇನ್ನೊಂದು ಸಲ ಎಚ್ಚರವಿದ್ದು ಬರೆಯಬೇಕು ಎಂದು ಅವರು ಫೋನಿಟ್ಟರು.

ಹೋಟೆಲಿನವರು ಅಂದರೆ ಸುಖೇಶ್, ಕುಂದಾಪುರ ಕಡೆಯವರು. ಸ್ಟ್ಯಾಂಡಿನ ಎದುರು ಅವರ ಇಡ್ಲಿ ಹೋಟೆಲು. ನಲವತ್ತೊಂದು ಜನ ಒಟ್ಟಿಗೆ ನಿಂತದ್ದು ಕಂಡು, ಯಾರದ್ದೋ ಮದುವೆಯ ದಿಬ್ಬಣ ದಾರಿ ತಪ್ಪಿದೆಯೆಂದು ಹೊರಗೆ ಬಂದಿದ್ದರು. ಕನ್ನಡ ಕೇಳಿ ಹತ್ತಿರ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಿಮ್ಮ ಚರ್ಚು ಇಲ್ಲಿಯೂ ಒಂದುಂಟು ಎಂದು ಅವರು ತಿಳಿಸಿದರು. ಕಬ್ಬಿನ ಗಾಡಿಗಳು ನಿಲ್ಲುವ ಬಯಲಿನ ಹಿಂದೆ, ಒಂದೇ ಕೋಣೆಯದ್ದು. ಅಲ್ಲಿನ ಪಾದ್ರಿ ಅಯ್ಯನವರಿಗೆ ವರ್ಗವಾಗಿ ಬಹಳ ದಿನವಾಯಿತು, ಬೇರೆಯವರು ಬರಲಿಲ್ಲ. ಪ್ರತಿ ಭಾನುವಾರ ರುದ್ರವ್ವ ಎಂಬ ಮುದುಕಿ ಬಾಗಿಲು ತೆಗೆಯುತ್ತಾಳೆ, ಒಬ್ಬಳೇ ಇರುತ್ತಾಳೆ, ಮತ್ತೆ ಬಾಗಿಲು ಹಾಕುತ್ತಾಳೆ.

ಮುದುಕಿ ಎಂಬ ಮಾತು ಕೇಳಿದ್ದೇ ನಲವತ್ತು ಜನಕ್ಕೆ ಜೀವ ಬಂತು. ಸ್ವಪ್ನಿಲ್ ಮುಂದಾದರು. ಆಕೆಯೇ ಈಕೆ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ನಡುವೆ ಮೆರವಣಿಗೆ ಸಾಗಿತು.

ರುದ್ರವ್ವ ಚರ್ಚಿನ ಮೆಟ್ಟಿಲು ಗುಡಿಸುತ್ತಿದ್ದಳು. ಇಂಡಿ ಕಡೆಯಿಂದ ಐವತ್ತು ವರ್ಷದ ಹಿಂದೆ ಕಬ್ಬು ಕಡಿಯಲು ಬಂದು ಇಲ್ಲೇ ಉಳಿದವಳು. ದೀಕ್ಷಾಸ್ನಾನದಲ್ಲಿ ರೂತ್ ಎಂದು ಹೆಸರಿಟ್ಟಿದ್ದರೂ ಯಾರ ನಾಲಿಗೆಯೂ ಹೊರಳದೆ ರುದ್ರವ್ವನಾಗಿಯೇ ಇದ್ದಳು. ಹರ್ಷಾ, ನೀವು ವಿಜಯಪುರದ ಬಸ್ಸಿನಲ್ಲಿ ಬರುವಾಗ ಯಾವಾಗಲಾದರೂ ಭಿಗವಣಕ್ಕೆ ಹೋಗಿದ್ದಿರಾ ಎಂದು ಕೇಳಿದ. ಆಕೆ ನೆಟ್ಟಗಾಗಿ ಎಲ್ಲರನ್ನೂ ನೋಡಿದಳು.

“ನಾ ಬಸ್ ಹತ್ತೇ ಇಲ್ಲಪಾ. ನನಗ ಬಸ್ಸಿನಾಗ ಓಕರಿಕಿ ಬರ್ತದ. ಕಬ್ಬು ಕಡಿಯೋ ಟೋಳಿ ಸಂಗಾಟ ಲಾರಿಯಾಗ ಬಂದಾಕಿ, ಮತ್ತ ಎಲ್ಲೂ ಹೋಗಿಲ್ಲ.”

ಹೀಗೆ ಇಂದಾಪುರದ ದರ್ಶನ ಅದೇ ಬೆಳಿಗ್ಗೆ ಎರಡನೆಯ ಸಲ ಬಿದ್ದುಹೋಯಿತು. ಸ್ವಪ್ನಿಲ್ ಬಾಯಿ ತೆರೆದರು, ಹೇಳಲು ಏನೂ ಸಿಗದೆ ಮುಚ್ಚಿದರು. ಅವರನ್ನು ಬಲ್ಲವರು ಹೇಳುವ ಪ್ರಕಾರ ಇದು ಮೊದಲ ಸಲ. ರುದ್ರವ್ವನಿಗೆ ಇದಾವುದೂ ಬೇಕಿರಲಿಲ್ಲ. ಹೊತ್ತಾಯಿತು, ಬಂದವರು ಒಳಗೆ ಬಂದು ಕೂಡಬೇಕು ಎಂದಳು.

ಒಳಗೆ ಹತ್ತು ಬೆಂಚು. ಉಳಿದವರು ಗೋಡೆಗೆ ಒರಗಿ ನಿಂತರು. ರುದ್ರವ್ವ ತಾನೇ ಗಂಟೆ ಬಾರಿಸಿದಳು, ತಾನೇ ಪ್ರಾರ್ಥನೆ ಹೇಳಿದಳು, ತಾನೇ ಕನ್ನಡದ ಒಂದು ಹಳೆಯ ಗೀತೆ ಶುರುಮಾಡಿದಳು. ದನಿ ಒಡೆದಿತ್ತು, ರಾಗ ತನ್ನದೇ ಆಗಿತ್ತು. ಎರಡನೆಯ ಸಾಲಿಗೆ ದಾನಪ್ಪ ಜೊತೆಗೂಡಿದ, ಮೂರನೆಯದಕ್ಕೆ ಹರ್ಷಾ. ಗೀತೆ ಮುಗಿದ ಮೇಲೆ ಆಕೆ ಬಂದು ಮುಂದಿನ ಬೆಂಚಿನಲ್ಲಿ ಕೂತು, ಖಾಲಿ ಪೀಠದ ಕಡೆ ಮುಖ ಮಾಡಿ ಸುಮ್ಮನಾದಳು.

ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ದಾನಪ್ಪ ಬಗ್ಗಿ ಮೆಲ್ಲಗೆ ವಿಚಾರಿಸಿದ. ಇದು ಪ್ರಸಂಗದ ಹೊತ್ತು ಎಂದು ರುದ್ರವ್ವ ತಿಳಿಸಿದಳು. ಹೇಳುವವರು ಇಲ್ಲದಿದ್ದರೆ ಏನಂತೆ, ಹೊತ್ತು ಇದ್ದೇ ಇರುತ್ತದಲ್ಲ. ಅಯ್ಯನವರು ಇದ್ದಾಗ ಅರ್ಧ ತಾಸು ಹೇಳುತ್ತಿದ್ದರು, ಆದ್ದರಿಂದ ಅರ್ಧ ತಾಸು ಕೂರುತ್ತೇನೆ ಅಂದಳು. ಆಮೇಲೆ ಅವನನ್ನು ನೋಡಿ, ನೀನು ಹೇಳುವವನೇನು ಎಂದು ಕೇಳಿದಳು. ಇನ್ನೂ ಕಲಿಯುತ್ತಿದ್ದೇನೆ ಅಂದ. ಹಾಗಾದರೆ ಕೂತುಕೋ ಅಂದಳು.

ಅರ್ಧ ತಾಸು ಆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹೊರಗೆ ಟ್ರ್ಯಾಕ್ಟರುಗಳು ಗುಂಯ್ ಎನ್ನುತ್ತಿದ್ದವು. ಕಿಟಕಿಯ ಬಿಸಿಲಿನಲ್ಲಿ ಕಬ್ಬಿನ ಒಣ ಸೋಗೆಯ ಧೂಳು ಮೇಲೆ ಕೆಳಗೆ ತೇಲುತ್ತಿತ್ತು. ಡ್ರಮ್ಮಿನವನ ಬೆರಳುಗಳು ಮೊದಲು ತೊಡೆಯ ಮೇಲೆ ಆಡಿ, ಆಮೇಲೆ ನಿಂತವು. ಹರ್ಷಾ ಫೋನನ್ನು ಜೇಬಿಗೆ ಹಾಕಿದ. ಸ್ವಪ್ನಿಲ್ ಕಣ್ಣು ಮುಚ್ಚಿಕೊಂಡಿದ್ದರು, ಅವರ ಮುಖ ಯಾರಿಗೂ ಏನನ್ನೂ ಮಾರಬೇಕಾಗಿಲ್ಲದವನ ಮುಖವಾಗಿತ್ತು. ದಾನಪ್ಪನ ರೆಪ್ಪೆ ಎರಡು ಸಲ ಭಾರವಾಯಿತು. ಎರಡೂ ಸಲ ಅವನು ರುದ್ರವ್ವನ ನೆಟ್ಟಗಿನ ಬೆನ್ನನ್ನು ನೋಡಿ ತಾನೂ ನೆಟ್ಟಗಾದ.

ಹೊತ್ತಾದ ಮೇಲೆ ಆಕೆ ಎದ್ದು, ಆಶೀರ್ವಾದದ ಮಾತನ್ನು ತಾನೇ ಹೇಳಿ, ಇವತ್ತಿನ ಪ್ರಸಂಗ ಚಲೋ ಆಯಿತು ಎಂದಳು. ಆಮೇಲೆ ಬಾಗಿಲಲ್ಲಿ ನಿಂತು, ಹೊರಗೆ ಬರುತ್ತಿದ್ದ ಒಬ್ಬೊಬ್ಬರನ್ನೂ ಬೆರಳು ಮಡಿಚಿ ಎಣಿಸಿದಳು. ಇವತ್ತು ಗೊತ್ತಿರಲಿಲ್ಲ, ಚಹಾ ಇಟ್ಟಿರಲಿಲ್ಲ, ತಪ್ಪು ತಿಳಿಯಬಾರದು ಎಂದು ಹೇಳಿಕೊಂಡಳು. ನಲವತ್ತು ಜನ ಪರವಾಗಿಲ್ಲ ಎಂದರು. ಬಸ್ಸಿನ ಡ್ರೈವರು ಬಯಲಿನಾಚೆಯಿಂದ ಹಾರ್ನು ಹೊಡೆಯುತ್ತಿದ್ದ.

“ಮುಂದಿನ ಆಯ್ತಾರ ಎಷ್ಟ ಮಂದಿ ಬರ್ತೀರಿ?” ಎಂದು ಕೇಳಿದಳು ರುದ್ರವ್ವ. “ಹಾಲು ಹೇಳಬೇಕಲ್ಲ.”

ಹರ್ಷಾ ಸ್ವಪ್ನಿಲ್ ಅವರನ್ನು ನೋಡಿದ. ಸ್ವಪ್ನಿಲ್ ಕಬ್ಬಿನ ಗಾಡಿಗಳನ್ನು ನೋಡಿದರು. ಉಳಿದವರು ತಮ್ಮ ತಮ್ಮ ಚಪ್ಪಲಿ ಹುಡುಕಲು ಬಗ್ಗಿದರು.

“ಒಬ್ಬ ಬರ್ತೀನ್ರಿ,” ಅಂದ ದಾನಪ್ಪ.

ರುದ್ರವ್ವ ಮಡಿಚಿದ್ದ ಬೆರಳುಗಳನ್ನೆಲ್ಲ ಬಿಚ್ಚಿದಳು.

“ಹಂಗಾರ ಇಬ್ಬರಿಗೆ ಇಡ್ತೀನಿ.”